ಎರಡೂವರೆ ತೊಲದ ಬಾಣ

೮ ಅಕ್ಟೋಬರ್ ೧೯೩೩, ಭಾನುವಾರ. ಯಲ್ಲಾಪುರ

ಬೆಳಿಗ್ಗೆಯಿಂದ ಮೂರು ಸ್ಟವ್. ಮೂರಕ್ಕೂ ಒಂದೇ ರೋಗ, ನಿಪ್ಪಲ್ ಕಟ್ಟಿದೆ. ಪಿನ್ನಿನಿಂದ ಚುಚ್ಚು, ಊದು, ಕೊಡು. ಇಪ್ಪತ್ತೆರಡು ವರ್ಷ ಬಂದೂಕಿನ ಕುದುರೆ ಕೂರಿಸಿದ ಕೈ. ಈಗ ಕೈಗೂ ಸೀಮೆಎಣ್ಣೆ ನಾತ, ಊಟದ ತುತ್ತಿಗೂ ಅದೇ ನಾತ. ಥೂ.

ಬೋರ್ಡ್ ಇನ್ನೂ ಇದೆ: ಖಾಜಾ ಹುಸೇನ್, ಬಂದೂಕು ರಿಪೇರಿ. ಬಂದೂಕು ಎಲ್ಲಿ? ಕರ ನಿರಾಕರಣೆಯ ಗಲಾಟೆ ಆದ ಮೇಲೆ ಈ ಕಡೆಯ ಲೈಸೆನ್ಸ್ ಒಂದೂ ರಿನ್ಯೂ ಆಗಿಲ್ಲ. ಎಲ್ಲರ ಬಂದೂಕೂ ಕಚೇರಿಯಲ್ಲಿ ಜಮಾ. ಅಲ್ಲಿ ತುಕ್ಕು ಹಿಡಿಯುತ್ತಿರುತ್ತವೆ. ಎಣ್ಣೆ ಹಚ್ಚುವಷ್ಟು ಬುದ್ಧಿ ಆ ಗುಮಾಸ್ತರಿಗೆ ಇಲ್ಲ.

ಬಂದೂಕು ರಿಪೇರಿಯ ಈ ರಿಜಿಸ್ಟರ್ ಕೂಡ ಅದಕ್ಕೇ ಅರ್ಧದಿಂದ ಖಾಲಿ. ಪ್ರತಿ ಪುಟಕ್ಕೂ ನಂಬರು, ಕಚೇರಿಯ ಮೊಹರು. ಬಂದ ತಾರೀಕು, ದೋಷ, ದುರಸ್ತಿ ಎಂದು ಮೂರು ಅಂಕಣ. ತುಂಬಿಸಲು ಬಂದೂಕಿಲ್ಲ. ಹೊಟ್ಟೆಯುರಿ ತುಂಬಿಸುತ್ತಿದ್ದೇನೆ.

ಮಧ್ಯಾಹ್ನ ಉಮ್ಮಚಗಿಯ ವೆಂಕಟ್ರಮಣ ಹೆಗಡೆ ಬಂದರು. ಜೊತೆಗೆ ಅವರ ಗೇಣಿ ಒಕ್ಕಲು ರಾಮ. ಹೆಗಡೆಯವರು ಅಂಗಡಿಯ ಮೆಟ್ಟಿಲ ಮೇಲೆ ಪಂಚೆ ಹಾಸಿ ಕೂತರು.

"ಎಂತ ಮಾಡದು ಸಾಬ್ರೇ? ಬಂದೂಕು ಇಲ್ಲೆ. ಗದ್ದೆಗೆ ದಿನಾ ಹಂದಿ ಬತ್ತು. ಇವಂಗೆ ಬಿಲ್ಲು ಹೊಡೆಯಲೆ ಬತ್ತು. ಬಾಣಕ್ಕೆ ಕಬ್ಬಿಣದ ಮೂತಿ ಮಾಡಿ ಕೊಡಿ."

ಬಾಣ! ನಾನು! ಮುಖಕ್ಕೆ ನೀರು ಎರಚಿದ ಹಾಗಾಯಿತು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಎದುರಿಗೆ ನಾಲ್ಕನೆಯ ಸ್ಟವ್ ಕಾಣಿಸಿತು. ಆಗಲಿ ಅಂದೆ.

ಹೊರಡುವಾಗ ರಾಮ ಹಿಂದೆ ಉಳಿದ. ಮೂವತ್ತು ವರ್ಷದ ಆಳು, ಮಾತು ಕಡಿಮೆ. "ಚೆಂದ ಮಾಡಿ ಸಾಯ್ಬ್ರೇ. ಬಯಲಿನ ಕಾವಲು ನಂದೇ. ಕಾವಲು ತಪ್ಪಿದ್ರೆ ಗದ್ದೆ ಬಿಡಬೇಕು ಅಂತ ಕರಾರು" ಅಂದ.


೧೧ ಅಕ್ಟೋಬರ್, ಬುಧವಾರ

ರಾಮ ತನ್ನ ಹಳೆಯ ಬಾಣ ತಂದ. ತೂಗಿದೆ. ಆರು ತೊಲ! ಗಟ್ಟಿ ಮರದ ದಪ್ಪ ಕೋಲು, ತುದಿಗೆ ಯಾರೋ ಕುಟ್ಟಿದ ಕಬ್ಬಿಣದ ಮುದ್ದೆ. ಬಾಣವಲ್ಲ, ಹಾರೆ. ಹಿತ್ತಲಲ್ಲಿ ಹೊಡೆಸಿ ನೋಡಿದೆ. ಎಮ್ಮೆ ಎದ್ದು ಹೋದ ಹಾಗೆ ಹೋಯಿತು. ಹೋಗುವುದು ಕಣ್ಣಿಗೆ ಕಾಣುತ್ತದೆ! ಕಣ್ಣಿಗೆ ಕಾಣುವ ಗುಂಡು ಯಾರಾದರೂ ಕಂಡಿದ್ದಾರೆಯೇ.

ಬಂದೂಕಿನ ಲೆಕ್ಕ ಸುಲಭ. ಮದ್ದು ಅಷ್ಟೇ ಇದ್ದು ಗುಂಡು ಹಗುರವಾದರೆ ವೇಗ ಹೆಚ್ಚು. ವೇಗ ಹೆಚ್ಚಾದರೆ ಪೆಟ್ಟು ಹೆಚ್ಚು. ಬಿಲ್ಲಿಗೆ ಬೇರೆ ಕಾನೂನು ಇದೆಯೇ? ತೆಳ್ಳನೆಯ ಬಿದಿರು, ಸೂಜಿಯಂಥ ಮೂತಿ ಮಾಡುತ್ತೇನೆ. ಈ ಕಾಡುಬಾಣಕ್ಕೂ ಒಂದು ಮರ್ಯಾದೆ ಬರಲಿ.

ರಾಮ ತಲೆ ಕೆರೆದ. "ಹಂದಿ ಹೆಗಲಿಗೆ ಗುರಾಣಿ ಹಂಗೆ ಚರ್ಮ ಇರ್ತದೆ ಸಾಯ್ಬ್ರೇ. ನಮ್ಮ ಕೇರಿಲಿ ದ್ಯಾಮಪ್ಪನ ಬೇಲಿ ಮೇಲೆ ಹಳೇದೊಂದು ಒಣಗಿ ಬಿದ್ದದೆ. ತಂದು ಕೊಡ್ಲಾ? ಒಂದ್ಸಲ ಮುಟ್ಟಿ ನೋಡಿ, ಆಮೇಲೆ ಮಾಡಿ."

ನನ್ನ ಅಂಗಡಿಗೆ! ಹಂದಿಯ ಚರ್ಮ! ಹೊರಗೆ ಹೋಗಿ ಉಗಿದು ಬಂದೆ. ಇಷ್ಟು ವರ್ಷ ಬೇಟೆಯವರು ಸತ್ತ ಹಂದಿಯನ್ನು ಬಿದಿರಿಗೆ ಕಟ್ಟಿ ಅಂಗಡಿಯ ಮುಂದೆ ಹೊತ್ತು ಹೋಗುವಾಗಲೆಲ್ಲ ಗೋಡೆಯ ಕಡೆ ತಿರುಗಿ ನಿಂತವನು ನಾನು. ಒಂದನ್ನೂ ನೆಟ್ಟಗೆ ನೋಡಿಲ್ಲ. ನೋಡುವ ಅಗತ್ಯವೂ ಬಿದ್ದಿಲ್ಲ. ನನ್ನ ಬಂದೂಕಿನ ಗುಂಡು ಒಳಗೆ ಹೋಗುತ್ತಿತ್ತು, ಅಷ್ಟು ಸಾಕಿತ್ತು.

ಅವನಿಗೆ ಬೈದೆ. ಹಳೆಯ ಬಾಣವನ್ನು ಇಲ್ಲೇ ಇಟ್ಟುಕೊಂಡು ಕಳಿಸಿದೆ.


೧೫ ಅಕ್ಟೋಬರ್, ಭಾನುವಾರ

ಊರ ಹೊರಗಿನ ಮೈದಾನದಲ್ಲಿ ಪರೀಕ್ಷೆ. ಹೊಸ ಬಾಣ ಎರಡೂವರೆ ತೊಲ. ಹಳೆಯದು ನೂರ ಹತ್ತು ಹೆಜ್ಜೆಗೆ ಮಣ್ಣು ಕಚ್ಚಿತು. ಹೊಸದು ನೂರ ತೊಂಬತ್ತು! ಮೂರು ಸಲ ಹೊಡೆಸಿದೆ, ಮೂರು ಸಲವೂ ನಾನೇ ಹೆಜ್ಜೆ ಎಣಿಸಿದೆ. ಹೋದದ್ದು ಕಾಣಲಿಲ್ಲ. ಬಿದ್ದದ್ದು ಕಂಡಿತು.

ಹಾನಗಲ್ ಕಡೆಯ ನಾಟಾ ಕಂಟ್ರಾಕ್ಟರ್ ಅಂದಾನಪ್ಪ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿದರು. "ಏನ್ ಓಡತೈತ್ರೀ ಉಸ್ತಾದ್ರ! ಇದು ಬಾಣ ಅಲ್ಲ, ಮಿಂಚು! ನನಗ ಎರಡು ಡಜನ್ ಮಾಡಿಕೊಡ್ರಿ. ಕಾನಸೂರಿನ್ಯಾಗ ನಮ್ಮ ಮಂದಿ ಅದಾರ, ಅವರಿಗೂ ಬೇಕಾಗತಾವ."

ಸುತ್ತ ಹತ್ತು ಜನ ಸೇರಿದ್ದರು. ಎಲ್ಲರೂ ವಾಹ್ ವಾಹ್. ಎರಡು ವರ್ಷದಿಂದ ಈ ಊರಿನಲ್ಲಿ ಯಾರೂ ನನಗೆ ವಾಹ್ ಅಂದಿರಲಿಲ್ಲ.

ರಾಮ ಮಾತ್ರ ಎಡಗೈ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದ. "ಬಿಲ್ಲು ಕೂಗ್ತದಲ್ಲ ಸಾಯ್ಬ್ರೇ. ಹಳೇ ಬಾಣಕ್ಕೆ ಹಿಂಗೆ ಕೂಗೂದಿಲ್ಲ. ಕೈಗೂ ಹೊಡೀತದೆ."

ಹೌದು, ಹಗುರ ಬಾಣ ಬಿಟ್ಟರೆ ಬಿಲ್ಲು ಝಣ್ ಎನ್ನುತ್ತದೆ. ಬಂದೂಕು ಢಂ ಎನ್ನುವುದಿಲ್ಲವೇ? ಕೈಗೆ ಬಟ್ಟೆ ಸುತ್ತಿಕೋ ಅಂದೆ. ನಾಲ್ಕು ಜನರ ಮುಂದೆ ಅವನು ನನ್ನ ಕೆಲಸಕ್ಕೆ ಕೊಂಕು ತೆಗೆದದ್ದು ಹಿಡಿಸಲಿಲ್ಲ. ಹನ್ನೆರಡು ಬಾಣ ಕೊಟ್ಟು ಕಳಿಸಿದೆ.


೨೮ ಅಕ್ಟೋಬರ್, ಶನಿವಾರ

ಎರಡು ವಾರ ಬರೆಯಲು ಪುರುಸೊತ್ತಿಲ್ಲ. ಅಂದಾನಪ್ಪನವರ ಎರಡು ಡಜನ್ ಮುಗಿಯಿತು. ಕಾನಸೂರಿಗೆ ಒಂದು ಡಜನ್ ಹೋಯಿತು. ಇನ್ನೂ ಕೇಳುತ್ತಿದ್ದಾರೆ. ಸ್ಟವ್ ತಂದವರಿಗೆ ಆಗುವುದಿಲ್ಲ ಅಂದೆ. ಅದೆಂಥ ಸುಖ!

ಹೆಂಡತಿ ಜುಬೇದಾ ನಗುತ್ತಾಳೆ. "ಬಾಣ ಮಾಡಿದರೆ ಮಾನ ಹೋಗುತ್ತದೆ ಅಂದವರು ಯಾರು?" ಅರ ಕೈಗೆತ್ತಿಕೊಂಡು ತಿರುಗಿ ಕೂತೆ.


೧೪ ನವೆಂಬರ್, ಮಂಗಳವಾರ

ಕೆಟ್ಟ ಸುದ್ದಿ. ನಿನ್ನೆ ಬೆಳಗಾಗುವ ಹೊತ್ತಿಗೆ ರಾಮನಿಗೆ ಹಂದಿ ಹೊಡೆದಿದೆ. ಬಾಣ ಬಿಟ್ಟನಂತೆ, ಹಂದಿ ತಿರುಗಿ ಬಂತಂತೆ. ತೊಡೆ ಸೀಳಿದೆ. ದ್ಯಾಮಪ್ಪ, ಇನ್ನಿಬ್ಬರು ಓಡಿ ಬಂದು ಈಟಿಯಿಂದ ತಿವಿದು ಕೊಂದರಂತೆ. ರಾಮನನ್ನು ಗಾಡಿಯಲ್ಲಿ ಶಿರಸಿಗೆ ಒಯ್ದು ಹೊಲಿಗೆ ಹಾಕಿಸಿ ತಂದಿದ್ದಾರೆ.

ಹೇಳಿದವರು ಹೆಗಡೆಯವರೇ. "ಅವಂಗೆ ಗುರಿಯೇ ಇಲ್ಲೆ ಸಾಬ್ರೇ. ಹತ್ತು ಮಾರು ದೂರದಲ್ಲಿ ನಿಂತ ಹಂದಿ! ತಪ್ಪಿತು. ಬಾಣ ಗದ್ದೆಲಿ ಬಿದ್ದಿತ್ತು. ಕುಡ್ಕಂಡಿದ್ದ ಹೇಳಿ ಆನು ಹೇಳ್ತೆ. ನಿಮ್ಮ ಬಾಣದ ತಪ್ಪಲ್ಲ."

ನಿಮ್ಮ ಬಾಣದ ತಪ್ಪಲ್ಲ. ಈ ಮಾತು ಕೇಳಿ ಹಗುರಾಯಿತು. ಅದನ್ನೂ ಬರೆದಿಡುತ್ತೇನೆ.


೧೭ ನವೆಂಬರ್, ಶುಕ್ರವಾರ

ನಮಾಜು ಮುಗಿಸಿ ಉಮ್ಮಚಗಿಗೆ ಹೋದೆ. ಜುಬೇದಾಳ ತಮ್ಮ ಸುಭಾನ್ ಓಡಿಸುವ, ಜನ ಒಯ್ಯುವ ಸರ್ವಿಸ್ ಮೋಟಾರು ಆ ಕಡೆ ಹೊರಟಿತ್ತು. ನೋಡಿ ಬರೋಣ ಅನ್ನಿಸಿತು. ಯಾಕೆ ಅನ್ನಿಸಿತೋ.

ರಾಮ ಚಾಪೆಯ ಮೇಲೆ. ಮೈ ಜ್ವರಕ್ಕೆ ಕಾದ ಕಾವಲಿ. ಗಾಯಕ್ಕೆ ಅರೆದ ಸೊಪ್ಪು, ಅದರ ಮೇಲೆ ನೊಣ. ಹೆಂಡತಿ ನಾಗಿ ನೊಣ ಓಡಿಸುತ್ತ ಕೂತಿದ್ದಳು. ನನ್ನನ್ನು ಕಂಡದ್ದೇ ಅವನು ಏಳಲು ನೋಡಿದ.

"ಎಲ್ಲಿ ತಪ್ತು ಸಾಯ್ಬ್ರೇ? ಬೆಳಕು ಹರಿದಿತ್ತು. ಬಿಲ್ಲು ಝಣ್ ಅಂತು, ಅದು ಕಿವಿ ಎತ್ತಿತು, ಆದ್ರೂ ನಂಗೆ ತಾಗಿದ ಹಂಗೇ ಕಂಡಿತ್ತು. ನಾ ಕುಡಿದಿರ್ಲಿಲ್ಲ. ಹೆಗಡೇರು ಗದ್ದೆ ಬಿಡಿಸ್ತಾರಂತೆ. ಎಲ್ಲಿ ತಪ್ತು?"

ಮಲಗು, ಆಮೇಲೆ ನೋಡೋಣ ಅಂದೆ.

ನಾಗಿ ಮೂಲೆಯಿಂದ ಬಾಣ ತಂದಳು. ಗದ್ದೆಯ ಕೆಸರಿನಲ್ಲಿ ಹೂತಿತ್ತಂತೆ, ಮೈಯೆಲ್ಲ ಮಣ್ಣು. "ನಿಮ್ದು, ತಗಂಡ್ಹೋಗಿ" ಅಂದಳು. ಮನೆಯಲ್ಲಿ ಅದು ಇರುವುದು ಅವಳಿಗೆ ಬೇಡ.

ಬರುವ ದಾರಿಯಲ್ಲಿ ದ್ಯಾಮಪ್ಪನ ಬೇಲಿ. ಹೊಸ ಚರ್ಮ, ಉಪ್ಪು ಹಚ್ಚಿ ಬಿಗಿದು ಕಟ್ಟಿದ್ದಾರೆ. ಯಾರೂ ಇರಲಿಲ್ಲ. ರೂಢಿಯಂತೆ ಮುಖ ತಿರುಗಿಸಿದೆ. ನಾಲ್ಕು ಹೆಜ್ಜೆ ಮುಂದೆ ಹೋದೆ. ನಿಂತೆ. ಇಪ್ಪತ್ತೆರಡು ವರ್ಷ ರಿಪೇರಿ ಮಾಡಿದವನಿಗೆ ದೋಷ ಹುಡುಕದೆ ಮುಂದೆ ಹೋಗಲು ಕಾಲು ಬರುವುದಿಲ್ಲ, ಹಾಳು ಚಟ.

ಹಿಂದೆ ಬಂದು ನೋಡಿದೆ. ಈಟಿಯ ತೂತು ಆರು, ಅಂಗೈ ಅಗಲದವು, ಪಕ್ಕೆ ಹೊಟ್ಟೆಯ ಮೇಲೆ. ಏಳನೆಯದು ಬೇರೆ. ಹೆಗಲ ಹಿಂದೆ, ಎದೆಯ ಗೂಡಿಗೆ ಸರಿಯಾಗಿ, ಕಿರುಬೆರಳು ಹೋಗದಷ್ಟು ಸಣ್ಣ ಸೀಳು. ಬಾಣದ ಮೂತಿಯ ಮಣ್ಣು ಉಜ್ಜಿದೆ. ಹಿಂದಿನ ಸಂದಿಯಲ್ಲಿ ಎರಡು ಒರಟು ಕೂದಲು, ಒಣಗಿದ ಕೊಬ್ಬು. ಮೂತಿಯನ್ನು ಸೀಳಿಗೆ ಇಟ್ಟೆ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು.

ತಪ್ಪಿಲ್ಲ. ಹೊಡೆಯಬೇಕಾದ ಜಾಗಕ್ಕೇ ಹೊಡೆದಿದ್ದಾನೆ.

ಆ ಜಾಗದ ಚರ್ಮವನ್ನು ಮುಟ್ಟಿದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದೆ. ಮರದ ಹಲಗೆ! ಹೆಬ್ಬೆರಳು ದಪ್ಪ. ಬಾಣದ ಮೇಲೆ ಕೊಬ್ಬಿನ ಗುರುತು ತುದಿಯಿಂದ ಎರಡೇ ಬೆರಳು. ಹಲಗೆ ದಾಟಿದ್ದೇ ದೊಡ್ಡದು, ಒಳಗೆ ಹೋಗಲು ಜೀವ ಉಳಿದಿಲ್ಲ, ಹಂದಿ ಮೈ ಕೊಡವಿದಾಗ ಉದುರಿದೆ. ಮುಳ್ಳು ಚುಚ್ಚಿಸಿಕೊಂಡ ಹಂದಿ ಮತ್ತೇನು ಮಾಡುತ್ತದೆ.

ಕೆರೆಯಲ್ಲಿ ಕೈ ತೊಳೆದೆ, ಮಣ್ಣು ಹಾಕಿ, ಎಷ್ಟು ಸಲ ಎಂದು ಲೆಕ್ಕವಿಲ್ಲ. ವಾಂತಿ ಬಂತು. ಹಂದಿಯ ಹೇಸಿಗೆಗೆ ಬಂದದ್ದು ಎಂದುಕೊಂಡಿದ್ದೆ. ಮೋಟಾರಿನಲ್ಲಿ ಕೂತ ಮೇಲೆ ಗೊತ್ತಾಯಿತು, ಹಂದಿಗೆ ಅಲ್ಲ.

ರಾಮನ ಮನೆ ಐವತ್ತು ಹೆಜ್ಜೆ ದೂರವಿತ್ತು. ಹಿಂದೆ ಹೋಗಿ ಹೇಳಲಿಲ್ಲ.


೧೮ ನವೆಂಬರ್, ಶನಿವಾರ

ಮೊದಲೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಇವತ್ತು ಮಾಡಿದೆ. ಬಂದೂಕಿಗಾದರೆ ಹಲಗೆ ಜೋಡಿಸಿ ಎಷ್ಟು ತೂರಿತು ಎಂದು ಎಣಿಸುತ್ತಿದ್ದೆ. ಬಾಣಕ್ಕೆ ಯಾಕೆ ಎಣಿಸಲಿಲ್ಲ? ದೂರ ಹೋದದ್ದಕ್ಕೆ ಜನ ವಾಹ್ ಅಂದರು, ಅದಕ್ಕೆ.

ಹಿತ್ತಲಲ್ಲಿ ಬಾಳೆಯ ದಿಂಡು ಒಂದರ ಹಿಂದೆ ಒಂದು ನಿಲ್ಲಿಸಿದೆ. ಸುಭಾನ್ ಯಾರದೋ ಬಿಲ್ಲು ತಂದು ಕೊಟ್ಟ. ಇಪ್ಪತ್ತು ಹೆಜ್ಜೆಯಿಂದ. ಎರಡೂವರೆ ತೊಲ: ಒಂದು ದಿಂಡು ದಾಟಿ ಎರಡನೆಯದರಲ್ಲಿ ನಿಂತಿತು. ರಾಮನ ಆರು ತೊಲ ಇಲ್ಲೇ ಉಳಿದಿತ್ತು, ಅದು ಮೂರು ದಾಟಿ ನಾಲ್ಕನೆಯದರ ಬೆನ್ನಿಗೆ ಮೂತಿ ಹಾಕಿತು. ಮತ್ತೆ ಹೊಡೆದೆ. ಮತ್ತೆ ಅಷ್ಟೇ. ಎಮ್ಮೆಯ ಹಾಗೆ ಹೋಗುತ್ತದೆ ಅಂದಿದ್ದೆನಲ್ಲ. ಎಮ್ಮೆಯ ದಾರಿಗೆ ಅಡ್ಡ ನಿಲ್ಲುವವರು ಯಾರು.

ಬಂದೂಕಿನ ನಳಿಗೆ ಇದ್ದಲ್ಲೇ ಇರುತ್ತದೆ. ಬಿಲ್ಲು ಹಾಗಲ್ಲ. ಬಾಣವನ್ನು ತಳ್ಳಲು ಬಿಲ್ಲಿನ ತೋಳು ತಾನೂ ಓಡಬೇಕು. ಬಾಣ ಭಾರವಿದ್ದರೆ ಬಿಲ್ಲಿನ ಕಸುವನ್ನೆಲ್ಲ ಹೀರಿಕೊಂಡು ಹೋಗುತ್ತದೆ, ಬಿಲ್ಲು ಸುಮ್ಮನಾಗುತ್ತದೆ. ಹಗುರ ಬಾಣ ಅರ್ಧ ಕಸುವನ್ನು ಅಲ್ಲೇ ಬಿಟ್ಟು ಓಡಿಹೋಗುತ್ತದೆ. ಉಳಿದದ್ದು ಎಲ್ಲಿ ಹೋಗಬೇಕು? ಝಣ್ ಎಂದು ಸದ್ದಾಗಿ ಹೋಯಿತು. ರಾಮನ ಮಣಿಕಟ್ಟಿಗೆ ಹೋಯಿತು. ಅವನು ಹೇಳಿದ್ದ. ಬಟ್ಟೆ ಸುತ್ತಿಕೋ ಅಂದೆ!

ಸುಭಾನ್‌ಗೆ ವಿವರಿಸಿದರೆ ಅವನು ನಕ್ಕ. "ಇದರಲ್ಲಿ ಏನಿದೆ ಭಾಯಿಜಾನ್? ಅರಬೈಲ್ ಘಾಟಿನಲ್ಲಿ ಖಾಲಿ ಮೋಟಾರು ಜೋರಾಗಿ ಬಂದರೂ ಬ್ರೇಕಿಗೆ ನಿಲ್ಲುತ್ತದೆ. ಲೋಡು ತುಂಬಿದ್ದು ಮೆಲ್ಲಗೆ ಬರಲಿ, ನಿಲ್ಲಿಸಿ ನೋಡಿ."

ಡ್ರೈವರಿಗೆ ಗೊತ್ತು. ಗೇಣಿ ಒಕ್ಕಲಿಗೆ ಗೊತ್ತು. ಉಸ್ತಾದನಿಗೆ ಗೊತ್ತಿಲ್ಲ. ಥೂ ನನ್ನ ಜನ್ಮಕ್ಕೆ.

ನಾಳೆ ಹೋಗಿ ಹೆಗಡೆಯವರಿಗೂ ರಾಮನಿಗೂ ಹೇಳುತ್ತೇನೆ.


೧೯ ನವೆಂಬರ್, ಭಾನುವಾರ

ಹೋಗಲಿಲ್ಲ. ಮೋಟಾರು ಇರಲಿಲ್ಲ.

ಬಾಣವನ್ನು ಗೋಣಿಯಲ್ಲಿ ಸುತ್ತಿ ಹೊರಗಿನ ಮಾಡಿಗೆ ಸಿಕ್ಕಿಸಿದ್ದೇನೆ. ಜುಬೇದಾ ನೋಡಿದಳು. "ಆ ಗಂಟು ಮನೆಯೊಳಗೆ ಮಾತ್ರ ತರಬೇಡಿ." ಅವಳಿಗೆ ಅದು ಹಂದಿಯ ಗಂಟು.


೨೨ ನವೆಂಬರ್, ಬುಧವಾರ

ಹೊಸ ಬಾಣ ಎಲ್ಲ ಆರು ತೊಲ. ಹಗುರದವನ್ನು ವಾಪಸು ತರಿಸುತ್ತಿದ್ದೇನೆ. ಕಾನಸೂರಿನ ಡಜನನ್ನು ಸುಭಾನ್ ಬದಲಿಸಿ ತಂದ. ಸುಧಾರಿಸಿದ ನಮೂನೆ ಎಂದು ಹೇಳಿಸಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಅಂದಾನಪ್ಪನವರು ಮಾತ್ರ, "ಅದು ಚಲೋ ಓಡತಿತ್ತಲ್ರೀ ಉಸ್ತಾದ್ರ, ಯಾಕ ಬದಲಿ?" ಅಂದರು. ಹಂದಿಗೆ ಇದು ವಾಸಿ ಅಂದೆ. "ನಿಮ್ಮ ತಲಿ ತಲಿರೀ!" ಎಂದು ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಉಮ್ಮಚಗಿಗೂ ಕಳಿಸಿದೆ. ದ್ಯಾಮಪ್ಪ ಹಗುರದ ಹನ್ನೊಂದನ್ನೂ ಕೊಟ್ಟು ಭಾರದ್ದು ತೆಗೆದುಕೊಂಡನಂತೆ. ಈಗ ಕಾವಲು ಅವನದು.


೨೫ ನವೆಂಬರ್, ಶನಿವಾರ

ಜುಮ್ಮಾ ಆದ ಮೇಲೆ ಹೋಗುವುದು ಎಂದಿದ್ದೆ. ನಿನ್ನೆ ಜುಮ್ಮಾ ಆಯಿತು.

ಹೇಳಿದರೆ ಏನಾಗುತ್ತದೆ? ಮತ್ತೆ ಸ್ಟವ್. ಅಷ್ಟೇ. ಒಬ್ಬ ಮನುಷ್ಯನ ಮಾನ ಒಂದು ಕಡೆ, ಸ್ಟವ್ ಇನ್ನೊಂದು ಕಡೆ, ನಾನು ಎಂಟು ದಿನದಿಂದ ತೂಗುತ್ತಿದ್ದೇನೆ. ಅಸಹ್ಯ.


೨೯ ನವೆಂಬರ್

ರಾಮನಿಗೆ ಜ್ವರ ಇಳಿದಿಲ್ಲವಂತೆ. ಗಾಯ ಕೀವು. ಸುಭಾನ್‌ನ ಕೈಯಲ್ಲಿ ಸಕ್ಕರೆ, ಬ್ರೆಡ್ ಕಳಿಸಿದೆ.

ಬ್ರೆಡ್ ಕಳಿಸಿದೆ!


೩ ಡಿಸೆಂಬರ್, ಭಾನುವಾರ

ರಾಮ ಹೋದ. ಶುಕ್ರವಾರ ಮಧ್ಯಾಹ್ನವಂತೆ. ಸುದ್ದಿ ಇವತ್ತು ಬಂತು. ಸುಭಾನ್ ಮೋಟಾರು ನಿಲ್ಲಿಸಿ, ಇಳಿಯದೆ ಹೇಳಿದ.

ಹೆಗಡೆಯವರು ಗದ್ದೆಯನ್ನು ದ್ಯಾಮಪ್ಪನಿಗೆ ಬರೆದುಕೊಡುತ್ತಾರಂತೆ. ನಾಗಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಬೇಕಂತೆ. ಕುಡಿದು ಗುರಿ ತಪ್ಪಿದವನ ಹೆಂಡತಿ.

ಏನೂ ಬರೆಯಲು ಆಗುವುದಿಲ್ಲ.


೫ ಡಿಸೆಂಬರ್, ಮಂಗಳವಾರ

ಹೋಗಿ ಬಂದೆ.

ಹೆಗಡೆಯವರ ಅಂಗಳದಲ್ಲಿ ನಿಂತು ಗೋಣಿ ಬಿಚ್ಚಿದೆ. ದ್ಯಾಮಪ್ಪನನ್ನು ಕರೆಸಿ ಚರ್ಮ ತರಿಸಿದೆ. ಹೆಗಡೆಯವರು ಮೂಗು ಮುಚ್ಚಿ ಜಗಲಿಯ ತುದಿಗೆ ಸರಿದರು. ಅವರ ಅಸಹ್ಯ, ನನ್ನ ಅಸಹ್ಯ, ನಡುವೆ ಅದು. ಅವರೆದುರೇ ಮೂತಿಯನ್ನು ಸೀಳಿಗೆ ಕೂರಿಸಿ ತೋರಿಸಿದೆ. ಕೊಬ್ಬಿನ ಗುರುತು ತೋರಿಸಿದೆ.

"ರಾಮನ ಗುರಿ ತಪ್ಪಿಲ್ಲ. ಅವನು ಕುಡಿದಿರಲಿಲ್ಲ. ಬಾಣ ಹಗುರ. ಅವನು ಬೇಡ ಅಂದಿದ್ದ, ನಾನು ಕೇಳಲಿಲ್ಲ. ಕಾವಲು ತಪ್ಪಿಸಿದವನು ನಾನು" ಅಂದೆ.

ಹೆಗಡೆಯವರು ಜಗಲಿಯ ತುದಿಯಿಂದಲೇ ಬಗ್ಗಿ ಸೀಳನ್ನೂ ಮೂತಿಯನ್ನೂ ನೋಡಿದರು. ಆಮೇಲೆ: "ಗದ್ದೆ ನಾಗಿ ಹತ್ರವೇ ಇರ್ಲಿ. ಆನು ಬಿಡಿಸ್ತಿಲ್ಲೆ." ಮತ್ತೆ, ಒಳಗೆ ಹೋಗುತ್ತ: "ಮುಂಚೆಯೇ ಹೇಳಕಾಗಿತ್ತು ಸಾಬ್ರೇ."

ದ್ಯಾಮಪ್ಪ ತಲೆ ತಗ್ಗಿಸಿದ. ಅವನೂ ಗದ್ದೆ ಬೇಕು ಎಂದು ಕೇಳಿದವನಲ್ಲ.

ನಾಗಿಯ ಮನೆಗೂ ಹೋದೆ. ಎಲ್ಲ ಹೇಳಿದೆ. ಬಾಣ ಅವಳ ಮುಂದೆ ಇಟ್ಟೆ. ಅಳುತ್ತಾಳೆ, ಬೈಯುತ್ತಾಳೆ, ಬೈದರೆ ವಾಸಿ ಎಂದುಕೊಂಡಿದ್ದೆ. ಅವಳು ಬಾಣ ಎತ್ತಿಕೊಂಡು ಕೊಬ್ಬಿನ ಗುರುತಿನ ಮೇಲೆ ಎರಡು ಬೆರಳು ಇಟ್ಟು ನೋಡಿದಳು.

"ಸಾಯೂ ತನಕ ಅದೇ ಕೇಳ್ತಿದ್ರು. ಎಲ್ಲಿ ತಪ್ತು ನಾಗಿ, ಎಲ್ಲಿ ತಪ್ತು ಅಂತ. ನಾ ಎಂತ ಹೇಳೂದು? ನಂಗೂ ತಪ್ಪಿದೆ ಅಂತ್ಲೇ ಇತ್ತು." ಬಾಣ ಕೆಳಗಿಟ್ಟು: "ಇದು ನಿಮ್ಗೆ ಯಾವಾಗ ಗೊತ್ತಾಯ್ತು ಸಾಯ್ಬ್ರೇ?"

"ನಿನ್ನೆ" ಅಂದೆ.

ಬಾಯಿಯಿಂದ ತಾನೇ ಬಂತು. ಬೆಳಿಗ್ಗೆಯಿಂದ ಅಷ್ಟೊಂದು ನಿಜ ಹೇಳಿ ಬಂದವನು, ಕೊನೆಗೆ ಒಂದು ಮಾತಿಗೆ...

ನಾಗಿ ತಲೆಯಾಡಿಸಿದಳು. "ಒಂದು ವಾರ ಮೊದ್ಲೇ ಗೊತ್ತಾಗಿದ್ರೆ ಅವ್ರಿಗೊಂದು ಮಾತು ಹೇಳ್ಬಹುದಿತ್ತು. ಹೋಗ್ಲಿ. ನೀವಾದ್ರೂ ಬಂದು ಹೇಳಿದ್ರಲ್ಲ." ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಳು. ಬಿಸಿಲಲ್ಲಿ ಬಂದಿದ್ದೀರಿ ಅಂದಳು. ಕುಡಿದೆ. ಪೂರ್ತಿ ಕುಡಿದೆ.

ಹಂದಿಯ ಚರ್ಮ ಮುಟ್ಟಿದ ದಿನ ವಾಂತಿ ಬಂದಿತ್ತು. ಇವತ್ತು ಅದೂ ಬರಲಿಲ್ಲ.

ಸಂಜೆ ಐದೂವರೆ. ರಿಜಿಸ್ಟರ್ ಹಿಂದೆ ತಿರುಗಿಸಿದೆ. ಪುಟ ಅರವತ್ತೊಂದು. ನನ್ನದೇ ಅಕ್ಷರ, ೧೭ ನವೆಂಬರ್. ಆ ದಿನದಿಂದ ಅವನು ಇನ್ನೂ ಹದಿನಾಲ್ಕು ದಿನ ಬದುಕಿದ್ದ. ಹದಿನಾಲ್ಕು ದಿನವೂ ಕೇಳಿದ್ದಾನೆ.

ಪುಟಕ್ಕೆ ನಂಬರು ಇದೆ, ಮೊಹರು ಇದೆ. ಆದರೆ ತಪಾಸಣೆಗೆ ಈಗ ಯಾರೂ ಬರುವುದಿಲ್ಲ. ಜುಬೇದಾ ಒಲೆ ಹಚ್ಚಿದ್ದಾಳೆ. ಅರವತ್ತೊಂದರಿಂದ ಇಲ್ಲಿಯವರೆಗೆ ನಾಲ್ಕೇ ಹಾಳೆ. ಅವು ಇಲ್ಲದಿದ್ದರೆ ನಾಗಿಗೆ "ನಿನ್ನೆ" ಅಂದದ್ದು ಸುಳ್ಳು ಎಂದು ಹೇಳುವವರು ಯಾರೂ ಇಲ್ಲ. ನಾನೂ ನಿಧಾನಕ್ಕೆ ನಂಬಬಹುದು. ಪುಟದ ಮೂಲೆ ಹಿಡಿದುಕೊಂಡು ಕೂತಿದ್ದೇನೆ. ಹರಿದರೆ ರಾಮ ಕೇಳಿದ್ದೂ ಒಲೆಗೆ ಹೋಗುತ್ತದೆ.